ಮಂಜೇಶ್ವರದ ರಾಷ್ಟ್ರಕವಿ

‘ರಾಷ್ಟ್ರಕವಿ’ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ಕುವೆಂಪು ಅವರ ಹೆಸರು ನೆನಪಿಗೆ ಬರುವುದು ಸಹಜ. ಅವರಿಗೆ ಈ ಬಿರುದು ಸಂದದ್ದು 1964ರಲ್ಲಿ. ಅನಂತರ 2006ರಲ್ಲಿ ಜಿ. ಎಸ್. ಶಿವರುದ್ರಪ್ಪನವರಿಗೆ. ಆದರೆ ಕನ್ನಡದಲ್ಲಿ ಮೊಟ್ಟಮೊದಲು ಈ ಬಿರುದನ್ನು ಪಡೆದವರು ಮೈಸೂರು ಸೀಮೆಯವರೂ ಅಲ್ಲ, ನಮ್ಮ ಧಾರವಾಡ ಸೀಮೆಯವರೂ ಅಲ್ಲ. ಅವರು ಮಂಜೇಶ್ವರದ ಗೋವಿಂದ ಪೈಗಳು. ಅದನ್ನು 1949ರಲ್ಲಿ ಕೊಟ್ಟದ್ದು ಮದರಾಸು ಸರಕಾರ.

ಮದರಾಸಿನ ಸರಕಾರಕ್ಕೆ ಕನ್ನಡ ಕವಿಯ ಗೊಡವೆ ಏಕೆ ಎಂದು ಕೇಳುವಿರಾ? ಆಗ ದಕ್ಷಿಣ ಕನ್ನಡ ಜಿಲ್ಲೆಯೂ, ಅದರೊಳಗಿನ ಕಾಸರಗೋಡು ತಾಲೂಕೂ ಮದರಾಸಿಗೆ ಸೇರಿದ್ದುವು. ಅದೇ ಸರಕಾರ ತಮಿಳಿಗೆ ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರನ್ನು ಇದೇ ಬಗೆಯಲ್ಲಿ ಗೌರವಿಸಿತು. ನಮ್ಮ ಕಡೆಯ ಸ್ಥಿತಿಯಾದರೂ ಆಗ ಬೇರೆಯಾಗಿರಲಿಲ್ಲ. ಬೈಲಹೊಂಗಲ, ಕಿತ್ತೂರುಗಳು ಸಂಪಗಾವ ತಾಲೂಕೆಂದೂ, ಸವದತ್ತಿ ಪರಸಗಡ ತಾಲೂಕೆಂದೂ ಮುಂಬಯಿ ಪ್ರಾಂತದ ದಫ್ತರಗಳಲ್ಲಿ ಇದ್ದುವು. ರಾಮದುರ್ಗವೋ ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ಅದೂ ಮುಂಬಯಿಗೆ ಸೇರಿತು. ಕನ್ನಡ ಮಾತನಾಡುವ ಜನ, ಅನ್ಯಭಾಷೆಯ ರಾಜಧಾನಿ. ಈ ದೃಷ್ಟಿಯಿಂದ ನೋಡಿದರೆ ಮಂಜೇಶ್ವರದವರೂ ನಾವೂ ಒಂದೇ ದೋಣಿಯಲ್ಲಿದ್ದವರು. 1951ರ ಕನ್ನಡ ಸಾಹಿತ್ಯ ಸಮ್ಮೇಲನ ಕೂಡಿದ್ದು ನಮ್ಮ ಅಂದಿನ ರಾಜಧಾನಿ ಮುಂಬಯಿಯಲ್ಲಿ. ಅಧ್ಯಕ್ಷಪೀಠದಲ್ಲಿ ಕುಳಿತವರು ಮದರಾಸಿನ ಪ್ರಜೆಯಾದ ಗೋವಿಂದ ಪೈಗಳು. ಕನ್ನಡ ಎಷ್ಟು ಹರಿದು ಹಂಚಿಹೋಗಿತ್ತೆಂಬುದಕ್ಕೆ ಇನ್ನೊಂದು ನಿದರ್ಶನ ಬೇಕೆ?

ಪೈಗಳು ಹುಟ್ಟಿದ್ದು 1883ನೆಯ ಇಸವಿ ಮಾರ್ಚಿ 23ರಂದು, ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂಥ ಗುರುಗಳು ದೊರೆತರು. ಮದರಾಸಿನಲ್ಲಿ ಕಾಲೇಜು ಸೇರಿದರೂ ತಂದೆ ತೀರಿಕೊಂಡದ್ದರಿಂದ ಪದವಿ ಕೈಗೂಡಲಿಲ್ಲ. ಆ ಮೇಲೆ ಅವರು ಕಲಿತದ್ದೆಲ್ಲ ಮನೆಯಲ್ಲಿಯೇ, ತಾವಾಗಿಯೇ. ಸಂಸ್ಕೃತ, ಪ್ರಾಕೃತ, ಪಾಲಿಗಳಿಂದ ಹಿಡಿದು ಗ್ರೀಕ್, ಲ್ಯಾಟಿನ್‌ವರೆಗೆ ಅವರ ಭಾಷೆಗಳ ಪಟ್ಟಿ ಉದ್ದವಾದುದು.

ಆದರೆ ಇವೆಲ್ಲಕ್ಕಿಂತ ನೀವು ಗಮನಿಸಬೇಕಾದುದು ಬೇರೆಯೇ ಇದೆ. ಅವರ ಮನೆಮಾತು ಕೊಂಕಣಿ. ಅಂಗಳ ದಾಟಿದರೆ ತುಳು; ತೆಂಕಣಕ್ಕೆ ನಾಲ್ಕು ಹರಿದಾರಿ ನಡೆದರೆ ಮಲಯಾಳ. ಕನ್ನಡ ಅವರು ಆರಿಸಿಕೊಂಡ ಭಾಷೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿಯಾಗಿತ್ತಲ್ಲವೆ? ಬೆಳಗಾವಿ ಜಿಲ್ಲೆಯ ನಮಗೆ ಇದು ಹೊಸದೇನಲ್ಲ. ಮನೆಮಾತೊಂದು, ಬರವಣಿಗೆಯ ಮಾತೊಂದು ಆದವರಿಂದಲೇ ಕನ್ನಡಕ್ಕೆ ಎರಡು ದೊಡ್ಡ ಕೊಡುಗೆಗಳು ಬಂದುವು.

ಇನ್ನು ಅವರು ಮಾಡಿದ ಕೆಲಸ. 1911ರ ಸುಮಾರಿಗೆ ಪೈಗಳು ಪದ್ಯದಲ್ಲಿ ಆದಿಪ್ರಾಸವನ್ನು ಕೈಬಿಟ್ಟರು. ಸಿನೇಮಾ ಹಾಡುಗಳಲ್ಲಿ ಸಾಲಿನ ಕೊನೆಗೆ ಬರುತ್ತದಲ್ಲ, ಅದು ಅಂತ್ಯಪ್ರಾಸ; ಆದಿಪ್ರಾಸ ಅದಲ್ಲ. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು, ಇದು ಅದರ ಕಟ್ಟಳೆ. ನಮ್ಮ ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ‘ಸವದತ್ತಿ’ಯಲ್ಲಿ ಎರಡನೆಯ ಅಕ್ಷರ ‘ವ’, ಹಿಂದಿನದು ಹ್ರಸ್ವ. ಅದಕ್ಕೆ ‘ಕವಿ’, ‘ಹವಳ’, ‘ಸವಿ’ ಹೊಂದುತ್ತವೆ. ಇದು ಸಿಂಹಪ್ರಾಸ. ‘ರಾಮದುರ್ಗ’ಕ್ಕೆ ‘ಸೀಮೆ’, ‘ನೇಮ’. ಹಿಂದಿನದು ದೀರ್ಘವಾದುದರಿಂದ ಗಜಪ್ರಾಸ. ‘ಕಿತ್ತೂರು’ ಎಂದರೆ ಒತ್ತಕ್ಷರ. ‘ಮುತ್ತು’, ‘ಬಿತ್ತು’ ಬರಬೇಕು. ಅದು ಹಯಪ್ರಾಸ, ಎಂದರೆ ಕುದುರೆ. ಚೆನ್ನಮ್ಮನ ಊರಿಗೆ ಒಪ್ಪುವ ಪ್ರಾಣಿಯೇ ದೊರೆಯಿತು!

ತೊಡಕು ಎಲ್ಲಿ ಬರುತ್ತದೆಂದರೆ, ಬೈಲಹೊಂಗಲದ ಮೇಲೆ ಒಬ್ಬನು ಪದ್ಯ ಕಟ್ಟಲು ಕುಳಿತನೆನ್ನಿ. ಎರೆಮಣ್ಣಿನ ಈ ಊರನ್ನು ಬಣ್ಣಿಸುವವನಿಗೆ ‘ಹೊಲ’ ಎಂಬ ಮಾತು ಬೇಕೇ ಬೇಕು. ಆದರೆ ‘ಬೈ’ ದೀರ್ಘ, ‘ಹೊ’ ಹ್ರಸ್ವ, ಶಾಸ್ತ್ರ ಒಪ್ಪುವುದಿಲ್ಲ. ಪ್ರಾಸವು ಅವನ ಕೈಗೆ ‘ಸಾಲ’ ಎಂಬ ಶಬ್ದವನ್ನು ಕೊಡುತ್ತದೆ. ಹೊಲ ಬೇಡಿದ ಒಕ್ಕಲಿಗನಿಗೆ ಸಾಲ ಸಿಕ್ಕಂತೆ! ಒಂದೆರಡು ಪದ್ಯಗಳಲ್ಲಿ ಇದನ್ನು ನಿಭಾಯಿಸಬಹುದು. ಆದರೆ ನೂರಾರು ಸಾಲುಗಳ ಕಥನದಲ್ಲಿ, ಒಬ್ಬ ಮನುಷ್ಯನ ಸಂಕಟವನ್ನು ಹೇಳಬೇಕಾದಲ್ಲಿ, ಪ್ರಾಸಕ್ಕಾಗಿ ಮಾತನ್ನು ತಿರುಚುವುದು ನಿಜವಾಗಿಯೂ ಹಿಂಸೆ.

ಹಾಗೆಂದು ಪ್ರಾಸ ಕೀಳೆಂದು ನಾನು ಹೇಳಲಾರೆ. ಪಂಡಿತ ಪರೀಕ್ಷೆಗೆ ಅದನ್ನೇ ಉರುಹೊಡೆದವನು ನಾನು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಅದನ್ನು ಕನ್ನಡಕ್ಕೆ ಭೂಷಣವೆಂದು ಎಣಿಸಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿ ಹಾಡಿದ ನಮ್ಮ ಅವ್ವಂದಿರಿಗೆ ಅದು ಉಸಿರಾಟದಷ್ಟು ಸಲೀಸಾಗಿ ಬರುತ್ತಿತ್ತು. ಅತ್ತ ಶರಣರ ವಚನಗಳಿಗೆ ಅದರ ಹಂಗೇ ಇರಲಿಲ್ಲ. ಆದರೆ ‘ಪದ್ಯ’ವೆಂದು ಬರೆಯುವವನು ಪ್ರಾಸ ಬಿಟ್ಟರೆ ಅದು ಪದ್ಯವೇ ಅಲ್ಲವೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಪೈಗಳು ಬಿಟ್ಟರು. ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದದ್ದು 1926ರಲ್ಲಿ ಎಂಬುದನ್ನು ನೆನೆದರೆ, ಪೈಗಳು ಎಷ್ಟು ಮುಂಚೆ ಹೆಜ್ಜೆಯಿಟ್ಟರೆಂಬುದು ತಿಳಿದೀತು.

ಅವರ ಮೊದಲ ಕವನಸಂಗ್ರಹ ‘ಗಿಳಿವಿಂಡು’ 1930ರಲ್ಲಿ ಹೊರಬಂದಿತು. ಬಿಡುಗಡೆಯ ಪೂರ್ಣಫಲ ಕಾಣುವುದು ಮಾತ್ರ ‘ಗೊಲ್ಗೊಥಾ’ದಲ್ಲಿ, 1937ರಲ್ಲಿ. ಅದು ಯೇಸುಕ್ರಿಸ್ತನ ಕಡೆಯ ದಿನದ ಕಾವ್ಯ. 1946ರ ‘ವೈಶಾಖಿ’ ಬುದ್ಧನ ನಿರ್ವಾಣದ ಕಾವ್ಯ. ಗೌಡಸಾರಸ್ವತ ಮನೆತನದ ಒಬ್ಬ ಗೃಹಸ್ಥ, ಕರಾವಳಿಯ ಒಂದು ಹಳ್ಳಿಯಲ್ಲಿ ಕುಳಿತು, ಇಬ್ಬರು ಮಹಾತ್ಮರ ಸಾವನ್ನು ಕನ್ನಡದಲ್ಲಿ ಹಾಡಿದ. ‘ರಾಷ್ಟ್ರ’ ಎಂಬ ಮಾತಿಗೆ ಅವರು ಕೊಟ್ಟ ಅಗಲ ಇದು. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಪ್ರಾಸವನ್ನು ಬಿಟ್ಟ ಈ ಕವಿ ಹಳಗನ್ನಡದ ಶಬ್ದಗಳನ್ನು ಬಿಡಲಿಲ್ಲ. ನಿಘಂಟು ಬಳಿಯಲ್ಲಿರಲಿ.

ಸಂಶೋಧನೆಯಲ್ಲಿಯೂ ಅವರದು ದೊಡ್ಡ ಹೆಸರು. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯ ದಿನವನ್ನು ಲೆಕ್ಕಹಾಕಿ ಕ್ರಿ.ಶ. 981ರ ಮಾರ್ಚಿ 13 ಎಂದರು. ಯಕ್ಷಗಾನದ ಪಾರ್ತಿಸುಬ್ಬನು ಕುಂಬಳೆಯವನೆಂದು ವಾದಿಸಿದರು. ಆ ವಾದವಿವಾದಗಳು ಈ ಪುಟಕ್ಕೆ ಹಿಡಿಸುವಂಥವಲ್ಲ.

1956ರ ನವೆಂಬರ 1 ಬಂದಿತು. ನಮ್ಮ ನಾಲ್ಕೂ ಊರುಗಳು ಮುಂಬಯಿಯಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿದುವು. ಅದೇ ದಿನ ಕಾಸರಗೋಡು, ಅದರೊಂದಿಗೆ ಮಂಜೇಶ್ವರ, ಕೇರಳಕ್ಕೆ ಹೋಯಿತು. ಒಂದೇ ದೋಣಿಯಲ್ಲಿದ್ದವರಲ್ಲಿ ನಾವು ದಡ ಸೇರಿದೆವು. ಕನ್ನಡದ ಮೊದಲ ರಾಷ್ಟ್ರಕವಿ ನೀರಿನಲ್ಲಿಯೇ ಉಳಿದರು. ಆ ಕೊರಗಿನಲ್ಲಿಯೇ ಅವರು 1963ರ ಸಪ್ಟೆಂಬರ 6ರಂದು ತೀರಿಕೊಂಡರು. ನಾಲ್ಕು ವರುಷಗಳ ತರುವಾಯ, 1967ರಲ್ಲಿ, ಮಹಾಜನ ಆಯೋಗವು ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಲೆಂದೂ, ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಬರಲೆಂದೂ ವರದಿ ಕೊಟ್ಟಿತು. ಮಂಜೇಶ್ವರ ಇರುವುದು ಆ ಹೊಳೆಯ ಬಡಗಣಕ್ಕೇ. ವರದಿಯ ಆ ಮಾತು ಜಾರಿಗೆ ಬರಲಿಲ್ಲ. ಮಂಜೇಶ್ವರ ಇಂದಿಗೂ ಕೇರಳದಲ್ಲಿದೆ. ಅಲ್ಲಿ ಕನ್ನಡ ಓದುವ ಮಕ್ಕಳೂ ಇದ್ದಾರೆ.

ಮಂಗಳೂರಿಗೆ ಹೋದವರು ರೈಲಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಮಂಜೇಶ್ವರ ಸಿಗುತ್ತದೆ. ಪೈಗಳ ಮನೆಯಿದ್ದ ಆವರಣವೀಗ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕ. ಅಷ್ಟು ದೂರ ಹೋಗಲಾಗದವರು ಗ್ರಂಥಾಲಯದಿಂದ ‘ಗೊಲ್ಗೊಥಾ’ವನ್ನು ತಂದು, ಒಂದು ಸಂಜೆ ರೇಡಿಯೋ ಆರಿಸಿ, ಮನೆಯವರೆದುರು ಗಟ್ಟಿಯಾಗಿ ಓದಿರಿ. ಸಾಲು ಮುಗಿದಲ್ಲಿ ದನಿಯನ್ನು ನಿಲ್ಲಿಸಬೇಡಿ. ಅರ್ಥ ಮುಗಿದಲ್ಲಿ ನಿಲ್ಲಿಸಿರಿ.