ಆನ್‌ಲೈನ್ ಬೋಧನೆ: ಕಾಲೇಜಿನ ಪಾಠ ಮನೆಯ ಫೋನಿಗೆ ಹೋದಾಗ

ನಮ್ಮ ವಿಶ್ವವಿದ್ಯಾಲಯಗಳಿಗೆ ಆನ್‌ಲೈನ್ ಕಲಿಕೆ ಬಂದದ್ದು 2020ರ ಲಾಕ್‌ಡೌನ್ ಜೊತೆಗೆ ಎಂದು ಅನೇಕ ಪ್ರಶಿಕ್ಷಣಾರ್ಥಿಗಳು ತಿಳಿದಿದ್ದಾರೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಆರಂಭಿಸಿದ್ದು 2003ರಲ್ಲಿ. ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದ್ದು 2004ರಲ್ಲಿ. ಸ್ವಯಂ ವೇದಿಕೆ 2017ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಒಂದು ಸೆಮಿಸ್ಟರಿನ ಶೇ. 20ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಬಹುದೆಂದು ಯುಜಿಸಿ 2016ರಲ್ಲೇ ನಿಯಮ ಮಾಡಿತ್ತು. 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಪಾಠಗಳಿದ್ದವು, ವೇದಿಕೆಯಿತ್ತು, ನಿಯಮವೂ ಇತ್ತು. ಕೊರತೆ ಇದ್ದದ್ದು ವಿದ್ಯಾರ್ಥಿಯ ಮನೆಯಲ್ಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಸೌಲಭ್ಯವಿದ್ದದ್ದು ನಗರದ ಶೇ. 42ರಷ್ಟು ಮನೆಗಳಲ್ಲಿ, ಹಳ್ಳಿಯ ಶೇ. 15ರಷ್ಟು ಮನೆಗಳಲ್ಲಿ ಮಾತ್ರ. ಆಮೇಲೆ ಸ್ಮಾರ್ಟ್‌ಫೋನು ಹರಡಿದೆ, ನಿಜ. ಆದರೆ ಮನೆಗೊಂದು ಫೋನು ಇರುವುದಕ್ಕೂ ವಿದ್ಯಾರ್ಥಿಗೊಂದು ಫೋನು ಇರುವುದಕ್ಕೂ ಬಹಳ ಅಂತರ.

ಬೋಧಕರು ಸಾಮಾನ್ಯವಾಗಿ ಮಾಡುವುದೇನು? ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ವಿಡಿಯೊ ಸಭೆಗೆ ಒಯ್ಯುವುದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಹರಿಯುವ ವಿಡಿಯೊ ಗಂಟೆಗೆ ಸುಮಾರು 225 ಎಂಬಿ ನುಂಗುತ್ತದೆ. ದಿನಕ್ಕೆ ಐದು ತರಗತಿಯಾದರೆ 1 ಜಿಬಿ ದಾಟಿತು. ಅದೇ ಒಂದು ಗಂಟೆಯ ಮಾತನ್ನು 32 ಕಿಲೋಬಿಟ್ ಧ್ವನಿಮುದ್ರಣವಾಗಿ ಕಳಿಸಿದರೆ 15 ಎಂಬಿ ಕೂಡ ಆಗದು.

ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಎದುರಿಗಿದ್ದಾಗ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಆನ್‌ಲೈನ್ ಆದಮೇಲೆ ಹಾಜರಾತಿ ಪಟ್ಟಿಯಲ್ಲಿ ಹೆಸರು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ವಿಚಾರಿಸಿದರೆ, ಮನೆಗೆ ಒಂದೇ ಫೋನು, ತಮ್ಮನಿಗೆ ಎಸ್‌ಎಸ್‌ಎಲ್‌ಸಿ. ಲಾಗಿನ್ ಆಗಿ ಫೋನನ್ನು ಅವನ ಕೈಗೆ ಕೊಡುತ್ತಿದ್ದಳು. ಲಾಗಿನ್ ಆದದ್ದನ್ನು ಹಾಜರಾತಿ ಎಂದು ಎಣಿಸುವ ಪದ್ಧತಿ ಇಂಥವರನ್ನು ಸದ್ದಿಲ್ಲದೆ ಕಳೆದುಕೊಳ್ಳುತ್ತದೆ. ಕ್ಯಾಮೆರಾ ಕಡ್ಡಾಯ ಮಾಡಬೇಕೆನ್ನುವ ಸಹೋದ್ಯೋಗಿಗಳೊಂದಿಗೆ ನನ್ನ ಜಗಳವೂ ಇದೇ: ಡೇಟಾ ಖರ್ಚು ಹೆಚ್ಚುತ್ತದೆ, ಮನೆಯ ಬಡತನ ಬಯಲಿಗೆ ಬೀಳುತ್ತದೆ, ಕಲಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಸ್ವಯಂ ಕೋರ್ಸುಗಳಿಗೆ ನಾಲ್ಕು ಭಾಗಗಳಿವೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ. ಇವುಗಳಲ್ಲಿ ಎಲ್ಲರೂ ಏಕಕಾಲಕ್ಕೆ ಕೂರಲೇಬೇಕಾದದ್ದು ಒಂದೂ ಇಲ್ಲ. ಈ ವಿಭಜನೆಯನ್ನೇ ನಾವು ಪಾಠಯೋಜನೆಗೆ ತರಬಹುದು.

ಪಿಯಾಜೆಯ ವಿಕಾಸದ ಹಂತಗಳನ್ನೇ ತೆಗೆದುಕೊಳ್ಳಿ. ಎಂಟು ನಿಮಿಷದ ಧ್ವನಿ ಪಾಠ ಮತ್ತು ಎರಡು ಪುಟದ ಟಿಪ್ಪಣಿಯನ್ನು ಹಿಂದಿನ ರಾತ್ರಿಯೇ ಕಳಿಸಿ. ಚಟುವಟಿಕೆಗೆ ಇಂಟರ್ನೆಟ್ಟೇ ಬೇಡ: ಒಂದೇ ಅಳತೆಯ ಎರಡು ಲೋಟಗಳಿಗೆ ಸಮನಾಗಿ ನೀರು ಹಾಕಿ, ಮಗು ನೋಡುತ್ತಿರುವಾಗಲೇ ಒಂದರ ನೀರನ್ನು ಉದ್ದನೆಯ, ಸಪೂರ ಲೋಟಕ್ಕೆ ಸುರಿದು, ಯಾವುದರಲ್ಲಿ ಹೆಚ್ಚಿದೆ ಎಂದು ಕೇಳುವುದು. ಐದು ವರ್ಷದ ಮಗು ಬಹುಮಟ್ಟಿಗೆ ಉದ್ದನೆಯ ಲೋಟ ತೋರಿಸುತ್ತದೆ. ಒಂಬತ್ತು ವರ್ಷದ್ದು ನಗುತ್ತದೆ. ಪ್ರಶಿಕ್ಷಣಾರ್ಥಿಯು ಮಗು ಆಡಿದ ಮಾತನ್ನು, ಅದು ಕೊಟ್ಟ ಕಾರಣವನ್ನು ಹಾಳೆಯಲ್ಲಿ ಬರೆದು ಫೋಟೊ ಕಳಿಸಿದರೆ ಸಾಕು. ಆನ್‌ಲೈನ್ ಇಲ್ಲಿ ತರಗತಿಯ ಬದಲಿ ವ್ಯವಸ್ಥೆಯಾಗಿ ಉಳಿಯುವುದಿಲ್ಲ. ಕಾಲೇಜಿನ ಕೊಠಡಿಯಲ್ಲಿ ಐದು ವರ್ಷದ ಮಗು ಎಲ್ಲಿ ಸಿಗಬೇಕು? ವಾರಕ್ಕೊಮ್ಮೆ ಸೇರುವ ನೇರ ಅವಧಿಯನ್ನು ಈ ಉತ್ತರಗಳ ಚರ್ಚೆಗೆ ಮೀಸಲಿಡಿ. ಅದಕ್ಕೂ ಬರಲಾಗದವರಿಗೆ ಹತ್ತು ನಿಮಿಷದ ಮಾಮೂಲಿ ಫೋನ್ ಕರೆ.

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ಈ ಬಾರಿ ಒಂದು ಕಾಲಂ ಹೆಚ್ಚು ಹಾಕಿಸಿದ್ದೇನೆ: ಫೋನು ಯಾರದು, ಯಾವ ಹೊತ್ತಿಗೆ ಸಿಗುತ್ತದೆ, ಸಿಗದ ದಿನ ಈ ವಿದ್ಯಾರ್ಥಿ ಏನು ಮಾಡಬೇಕು. ಮೊದಲೆರಡನ್ನು ಪ್ರಶಿಕ್ಷಣಾರ್ಥಿಗಳು ಒಂದೇ ದಿನದಲ್ಲಿ ತುಂಬಿ ತಂದರು. ಮೂರನೆಯದನ್ನು ತುಂಬಲು ಪಾಠವನ್ನೇ ತಿರುಗಿ ಬರೆಯಬೇಕಾಗುತ್ತಿದೆ. ಈಗ ಆ ಕೆಲಸ ನಡೆದಿದೆ.