ಅರಿಯದೆ ಮಾಡಿದುದಕ್ಕೆ ಸೆರೆಮನೆಯೆ?

ಕೈ ಮಾಡಿದ ಕಾರ್ಯಕ್ಕೆ ಮನಸ್ಸಿನ ದುಷ್ಟಸಂಕಲ್ಪವೂ ಜೊತೆಗೂಡಿದಲ್ಲದೆ ಅಪರಾಧವು ಪೂರ್ಣವಾಗದೆಂಬುದು ದಂಡನ್ಯಾಯದ ಪುರಾತನ ತತ್ತ್ವ. ಆದರೆ ಕಾಳಸಂತೆ, ಕಳ್ಳಸಾಗಣೆ, ಆಹಾರದ ಕಲಬೆರಕೆ ಮೊದಲಾದ ಪಿಡುಗುಗಳನ್ನು ಅಡಗಿಸಲೆಂದು ಹುಟ್ಟಿದ ನಿಯಂತ್ರಣ ಶಾಸನಗಳು ನಮ್ಮ ದೇಶದಲ್ಲಿ ಈ ತತ್ತ್ವವನ್ನು ಕ್ರಮೇಣ ಸವೆಸುತ್ತ ಬಂದಿವೆ.

1962ರ ನವೆಂಬರ್ 28ರ ಬೆಳಗ್ಗೆ, ಜೂರಿಕ್‌ನಿಂದ ಮನಿಲಾಕ್ಕೆ ಹೊರಟಿದ್ದ ವಿಮಾನವು ದಾರಿಯಲ್ಲಿ ಮುಂಬಯಿಯಲ್ಲಿ ಇಳಿದಾಗ, ಕೆಳಗಿಳಿಯದೆ ಅದರೊಳಗೇ ಕುಳಿತಿದ್ದ ಜರ್ಮನ್ ಪ್ರಜೆಯೊಬ್ಬನ ಜಾಕೆಟ್ಟಿನಲ್ಲಿ 34 ಕಿಲೋ ಚಿನ್ನ ಸಿಕ್ಕಿತು. ದೇಶವನ್ನು ಹಾದುಹೋಗುವ ಚಿನ್ನವನ್ನೂ ವಿಮಾನದ ಸರಕುಪಟ್ಟಿಯಲ್ಲಿ ಕಾಣಿಸತಕ್ಕದ್ದೆಂಬ ರಿಸರ್ವ್ ಬ್ಯಾಂಕಿನ ಹೊಸ ಅಧಿಸೂಚನೆಯು ಭಾರತದ ರಾಜ್ಯಪತ್ರದಲ್ಲಿ ಪ್ರಕಟವಾದುದು ಅದೇ ತಿಂಗಳ 24ರಂದು. ಆತ ಜೂರಿಕ್ ಬಿಟ್ಟುದು 27ರಂದು. ಮುಂಬಯಿ ಹೈಕೋರ್ಟು ಆತನನ್ನು ನಿರ್ದೋಷಿಯೆಂದು ಬಿಟ್ಟಿತು. ಆದರೆ 1964ರಲ್ಲಿ ಸುಪ್ರೀಂ ಕೋರ್ಟು, ಪ್ರತಿಯೊಬ್ಬನ ಅರಿವನ್ನೂ ಸಂಕಲ್ಪವನ್ನೂ ಶೋಧಿಸುತ್ತ ಕುಳಿತರೆ ವಿದೇಶೀ ವಿನಿಮಯ ಶಾಸನದ ಉದ್ದೇಶವೇ ವಿಫಲವಾಗುವುದೆಂದು ಬಗೆದು, ಬಹುಮತದಿಂದ ಆತನನ್ನು ಅಪರಾಧಿಯೆಂದು ನಿರ್ಣಯಿಸಿ, ಶಿಕ್ಷೆಯನ್ನು ಮಾತ್ರ ಅದುವರೆಗೆ ಅನುಭವಿಸಿದಷ್ಟಕ್ಕೆ ಇಳಿಸಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತವಿತ್ತರು.

ಮರುವರ್ಷವೇ ಇದಕ್ಕೆ ಪ್ರತಿಯಾದ ತೀರ್ಪೊಂದು ಬಂದಿತು. ಮಧ್ಯಪ್ರದೇಶದ ಧಾನ್ಯವ್ಯಾಪಾರಿಯೊಬ್ಬ ಲೈಸೆನ್ಸಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕೊಂಡುದರ ಲೆಕ್ಕವನ್ನು ಅಧಿಕಾರಿಗಳಿಗೆ ತಪ್ಪದೆ ಒಪ್ಪಿಸುತ್ತ, ಲೈಸೆನ್ಸು ಕೈಸೇರುವ ಮೊದಲೇ ಗೋಧಿಯನ್ನು ದಾಸ್ತಾನು ಮಾಡಿದ್ದನು. ಕದ್ದು ಕೂಡಿಡುವವನು ತನ್ನ ಲೆಕ್ಕವನ್ನು ತಾನೇ ಸರ್ಕಾರಕ್ಕೆ ಒಪ್ಪಿಸುವನೆ? ಅವಶ್ಯಕ ವಸ್ತುಗಳ ಶಾಸನದಡಿಯಲ್ಲಿಯೂ ಮನೋದೋಷವಿಲ್ಲದೆ ಅಪರಾಧವಿಲ್ಲವೆಂದು ಎತ್ತಿಹಿಡಿದ ಸುಬ್ಬರಾವ್, ಪ್ರಾಮಾಣಿಕ ನಂಬಿಕೆಯಿಂದ ನಡೆದವನು ದಂಡನಾರ್ಹನಲ್ಲವೆಂದರು.

ಆದರೆ ಸಂಸತ್ತು ಬೇರೆ ದಾರಿ ಹಿಡಿಯಿತು. 1974ರ ತಿದ್ದುಪಡಿಯು ಅದೇ ಶಾಸನದಲ್ಲಿ, ದುರುದ್ದೇಶವು ಇದ್ದೇ ಇದ್ದಿತೆಂದು ನ್ಯಾಯಾಲಯ ಮೊದಲೇ ಭಾವಿಸತಕ್ಕದ್ದೆಂದೂ, ಇರಲಿಲ್ಲವೆಂಬುದನ್ನು ಆಪಾದಿತನೇ ಯುಕ್ತ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧಪಡಿಸಬೇಕೆಂದೂ ವಿಧಿಸಿತು. ತನ್ನ ಮನಸ್ಸಿನಲ್ಲಿ ಇಲ್ಲದಿದ್ದುದನ್ನು ಇಲ್ಲವೆಂದು ರುಜುವಾತುಪಡಿಸುವ ಭಾರವು ಹೀಗೆ ಆಪಾದಿತನ ಹೆಗಲೇರಿತು.

2023ರ ಜನ ವಿಶ್ವಾಸ ಶಾಸನವು 42 ಕೇಂದ್ರ ಶಾಸನಗಳ 183 ವಿಧಿಗಳನ್ನು ತಿದ್ದಿ, ಹಲವೆಡೆ ಕಾರಾಗೃಹವಾಸವನ್ನು ತೆಗೆದು ಹಣದ ದಂಡವನ್ನಷ್ಟೇ ಉಳಿಸಿದುದು ಸ್ತುತ್ಯ ಕಾರ್ಯ. ಆದರೂ ಅಷ್ಟಕ್ಕೇ ತೃಪ್ತಿಪಡತಕ್ಕದ್ದಲ್ಲ. ಕಲಬೆರಕೆಯಂಥ ಘಾತುಕ ಕೃತ್ಯಗಳಿಗೆ ಕಠಿಣ ಶಾಸನ ಬೇಕೆಂಬುದು ನಿಜ. ಆದರೆ ನಿಯಮದ ಲೋಪಕ್ಕೆ ದಂಡ ಕಟ್ಟಿಸಿಕೊಳ್ಳುವುದು ಬೇರೆ, ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯುವುದು ಬೇರೆ. ಸೆರೆಮನೆಗೆ ಕಳುಹಿಸುವ ಮುನ್ನ ಆತನ ದುರುದ್ದೇಶವನ್ನು ಸಿದ್ಧಪಡಿಸುವ ಹೊಣೆ ಪ್ರಭುತ್ವದ್ದಾಗಿಯೇ ಇರಬೇಕು.