ಗುಡ್ಡಪ್ಪನ ಕೊರಳ ರುದ್ರಾಕ್ಷಿ

ಒಡವೆ ಅಂದರೆ ನಮಗೆ ನೆನಪಾಗುವುದು ಓಲೆ, ಮೂಗುಬೊಟ್ಟು, ಬಳೆ. ಉಡುಗೆ ಅಂದರೆ ಕೊಳ್ಳೇಗಾಲದ ರೇಷ್ಮೆ ಸೀರೆ. ಆದರೆ ಸೋದರಿಯರೇ, ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಗಂಡಸರು ತೊಡುವ ಒಂದು ಉಡುಗೆ ಇದೆ. ಅದರ ಹಿಂದೆ ಹೆಂಗಸರ ಕಣ್ಣೀರೂ ಇದೆ. ಮಲೆ ಮಾದಪ್ಪನ ದೇವರಗುಡ್ಡರ ಮಾತು ಹೇಳುತ್ತಿದ್ದೇನೆ.

ಮಕ್ಕಳಾಗದ ತಾಯಿ, ಮಗುವಿನ ಕಾಯಿಲೆ ವಾಸಿಯಾಗದ ತಾಯಿ, "ಮಾದಪ್ಪಾ, ಈ ಮಗನನ್ನು ನಿನ್ನ ಗುಡ್ಡನಾಗಿ ಬಿಡ್ತೀನಿ" ಅಂತ ಹರಕೆ ಹೊರುತ್ತಾಳೆ. ಮುಂದೆ ಗುರು ಆ ಮಗನಿಗೆ ದೀಕ್ಷೆ ಕೊಟ್ಟು, ಕೊರಳಿಗೆ ರುದ್ರಾಕ್ಷಿ ಕಟ್ಟಿ, ಕೈಗೆ ಕಂಸಾಳೆ ಕೊಡುತ್ತಾನೆ. ಅಂಗಡಿಯಲ್ಲಿ ಚೌಕಾಸಿ ಮಾಡಿ ತರುವ ಒಡವೆಯಲ್ಲ ಅದು!

ರುದ್ರಾಕ್ಷಿ ಅಂದರೆ ರುದ್ರನ ಕಣ್ಣು; ಶಿವನ ಕಣ್ಣಿನಿಂದ ಉದುರಿದ ಹನಿಯೇ ಮಣಿಯಾಯಿತೆಂದು ಪುರಾಣ. ಹಣೆಗೆ ವಿಭೂತಿ, ಮೈಗೆ ಕಾವಿ, ಹೆಗಲಿಗೆ ಜೋಳಿಗೆ. ಉಳ್ಳವರ ಮನೆಯವನಾದರೂ ಗುಡ್ಡನಾದವನು ಜೋಳಿಗೆ ಹಿಡಿದು ಮನೆಮನೆಗೆ ಭಿಕ್ಷೆಗೆ ಹೋಗಬೇಕು. ದೊಡ್ಡಸ್ತಿಕೆ ಬಿಡಿಸಲಿಕ್ಕೆ ಇದಕ್ಕಿಂತ ಬೇರೆ ದಾರಿ ಬೇಕೆ?

ಇನ್ನು ಕಂಸಾಳೆ. ಕಂಚಿನದು. ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ದಾರ, ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕುಳಿತು ಕಥೆ ಹಾಡುವಾಗ ಅದು ಬರೀ ತಾಳ. ಎದ್ದು ಬೀಸಿದರೆ ತಲೆಯ ಮೇಲೆ, ಕಾಲ ಸಂದಿಯಲ್ಲಿ, ಬೆನ್ನ ಹಿಂದೆ ಮಿಂಚಿ ಬರುತ್ತದೆ. ಅದಕ್ಕೇ ಬೀಸು ಕಂಸಾಳೆ ಅನ್ನುವುದು.

1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಚೇರಿ ಯಾವ ಕಡೆಗಿದ್ದರೇನು, ಗುಡ್ಡರ ಬಾಯಲ್ಲಿ ಕನ್ನಡದ ಹಾಡು ನಿಲ್ಲಲಿಲ್ಲ. ಆ ಹಾಡಿನ ಭಾಗಗಳಿಗೆ "ಸಾಲು" ಅನ್ನುತ್ತಾರೆ. ನನಗೆ ಬಲು ಇಷ್ಟವಾದದ್ದು ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೋಗುವ ಮುನ್ನ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ. ತಪ್ಪು ಮಾಡದ ತಾನು ಏಕೆ ಭಾಷೆ ಕೊಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಟ್ಟ ಹಿಂಸೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಕೊನೆಗೆ ಅವಳ ಮೊರೆ ಕೇಳಿ ಬಂದು ಮಕ್ಕಳ ಭಾಗ್ಯ ಕೊಡುವವನು ಮಾದಪ್ಪನೇ. ಹರಕೆ ಹೊರುವ ತಾಯಂದಿರಿಗೆ ಈ ಸಾಲು ಅಷ್ಟು ಹತ್ತಿರವಾಗಿರುವುದು ಸುಮ್ಮನೆಯೇ?

ಈಗ ಶಾಲೆಯ ವಾರ್ಷಿಕೋತ್ಸವ, ದಸರಾ ಮೆರವಣಿಗೆ ಎಲ್ಲಾ ಕಡೆ ಕಂಸಾಳೆ ಕುಣಿತ ಉಂಟು. ಹೆಣ್ಣುಮಕ್ಕಳೂ ಕಲಿಯುತ್ತಿದ್ದಾರೆ, ಕಲಿಯಲಿ, ಸಂತೋಷ. ಆದರೆ ಮಿರಿಮಿರಿ ಬಟ್ಟೆ, ಪ್ಲಾಸ್ಟಿಕ್ ಮಣಿ ತೊಡಿಸಿ "ಡ್ರೆಸ್ ಚೆನ್ನಾಗಿದೆ" ಅಂದು ಸುಮ್ಮನಾಗಬೇಡಿ. ಆ ಮಣಿ ಏನೆಂದು, ಯಾರ ಹರಕೆಯೆಂದು ಮಗುವಿಗೆ ಹೇಳಿ.

ಗುಡ್ಡಪ್ಪ ಬಾಗಿಲಿಗೆ ಬಂದರೆ ಮೊರದಲ್ಲಿ ಅಕ್ಕಿಯೋ ರಾಗಿಯೋ ತನ್ನಿ. ಬಾಗಿಲಿಂದಲೇ ಸುರಿದು ಒಳಗೆ ಓಡಬೇಡಿ. ಒಲೆಯ ಮೇಲಿನ ಹಾಲು ಇಳಿಸಿ ಬಂದು, "ಸಂಕಮ್ಮನ ಸಾಲು ಒಂದಿಷ್ಟು ಹೇಳಪ್ಪ" ಅಂತ ಕೇಳಿ. ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ.